ಊರೂರು ತಿರುಗುವವರಿಗೆ ಎಂಥ ಲ್ಯಾಪ್‌ಟಾಪ್ ಸರಿ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರನಾಗಿದ್ದೇನೆ. ಗದಗ, ಹಾವೇರಿ, ಶಿರಸಿ ಕಡೆಯ ಅಂಗಡಿಗಳಿಗೂ ಸಹಕಾರ ಸಂಘಗಳಿಗೂ ಲೆಕ್ಕಪತ್ರದ ಕೆಲಸಕ್ಕಾಗಿ ಬಸ್ಸು, ರೈಲುಗಳಲ್ಲಿ ಓಡಾಡುತ್ತಲೇ ಇರುತ್ತೇನೆ. ಈಗಿರುವ 15.6 ಇಂಚಿನ ಲ್ಯಾಪ್‌ಟಾಪ್ ಚಾರ್ಜರ್ ಸೇರಿ ಸುಮಾರು ಮೂರು ಕಿಲೋ ತೂಗುತ್ತದೆ. ಭುಜದ ನೋವು ಶುರುವಾಗಿದೆ. ಒಂದು ಕಿಲೋಗಿಂತ ಹಗುರವಾದ ಬಿಸಿನೆಸ್ ಲ್ಯಾಪ್‌ಟಾಪ್‌ಗೆ ಒಂದೂವರೆ ಲಕ್ಷ ರೂಪಾಯಿ ಹಾಕುವುದು ಸರಿಯೇ? ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಡಿಜಿಟಲ್ ಸಹಿ, ಇಷ್ಟೇ ನನ್ನ ಕೆಲಸ.
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಕೊನೆಯಲ್ಲಿ ಹೇಳಿರುವ ಡಿಜಿಟಲ್ ಸಹಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮಗೆ ಯಾವ ಲ್ಯಾಪ್‌ಟಾಪ್ ಹೊಂದುವುದಿಲ್ಲ ಎಂಬುದನ್ನು ಮೊದಲು ತೀರ್ಮಾನಿಸುವುದು ಅದೇ. ಸಹಿಯ ಟೋಕನ್ ಸಾಮಾನ್ಯವಾಗಿ ಪೆನ್‌ಡ್ರೈವ್‌ನಂತೆ ಅಗಲ ಬಾಯಿಯ ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಸಾಧನ. ಮ್ಯಾಕ್‌ಬುಕ್ ಏರ್‌ನಂಥ ತೆಳು ಯಂತ್ರಗಳಲ್ಲಿ ಆ ಪೋರ್ಟೇ ಇಲ್ಲ. ಸಣ್ಣ ಟೈಪ್ ಸಿ ಮಾತ್ರ ಇರುತ್ತದೆ. ಮಧ್ಯೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಕೆಲಸ ನಡೆಯುತ್ತದೆಯಾದರೂ, ರಿಟರ್ನ್ ಸಲ್ಲಿಸುವ ಕೊನೆಯ ದಿನ ಶಿರಸಿಯಲ್ಲಿ ಕುಳಿತಾಗ ಆ ಅಡಾಪ್ಟರ್ ಹುಬ್ಬಳ್ಳಿಯ ಮೇಜಿನ ಮೇಲೆ ಉಳಿದಿದ್ದರೆ ಇಡೀ ಲ್ಯಾಪ್‌ಟಾಪ್ ಹೊತ್ತು ತಂದದ್ದು ವ್ಯರ್ಥವಾಗುತ್ತದೆ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶವಾದ್ದರಿಂದ ನಿಮ್ಮ ಮಟ್ಟಿಗೆ ಮ್ಯಾಕ್‌ಬುಕ್ ಬೇಡ. ಸ್ನ್ಯಾಪ್‌ಡ್ರಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬಾಳಿಕೆಯನ್ನು ಅಂಗಡಿಯವರು ಬಹಳ ಹೊಗಳುತ್ತಾರೆ, ಆ ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಸಾಮಾನ್ಯ ತಂತ್ರಾಂಶಗಳನ್ನು ಅವು ಹೇಗೋ ಅನುಕರಿಸಿ ಓಡಿಸಬಲ್ಲವೇ ಹೊರತು, ಇಂಟೆಲ್, ಎಎಂಡಿ ಚಿಪ್‌ಗಳಿಗಾಗಿ ಬರೆದ, ಟೋಕನ್‌ನಂಥ ಸಾಧನವನ್ನು ವಿಂಡೋಸ್ ಗುರುತಿಸುವಂತೆ ಮಾಡುವ ಡ್ರೈವರ್‌ಗಳನ್ನು ಓಡಿಸಲಾರವು. ಟೋಕನ್ ತಯಾರಕರು ಆ ಚಿಪ್‌ಗೆಂದೇ ಡ್ರೈವರ್ ಕೊಟ್ಟಿರುವುದು ಖಚಿತವಾಗುವ ತನಕ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವುದನ್ನೇ ಆರಿಸಿಕೊಳ್ಳಿ.

ಇನ್ನು ತೂಕದ ವಿಷಯ. ಜಾಹೀರಾತಿನಲ್ಲಿ ಬರೆದಿರುವುದು ಲ್ಯಾಪ್‌ಟಾಪ್ ಒಂದರ ತೂಕ. ನಿಮ್ಮ ಭುಜದ ಮೇಲೆ ಬೀಳುವುದು ಚೀಲದ ತೂಕ. ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್‌1 ಕಾರ್ಬನ್‌ನ 12ನೇ ಪೀಳಿಗೆ 1.09 ಕಿಲೋದಿಂದ ಆರಂಭವಾಗುತ್ತದೆ, ಅದರ ಮುಂದಿನದು ಒಂದು ಕಿಲೋಗಿಂತ ತುಸು ಕಡಿಮೆ. 14 ಇಂಚಿನ ಇತರ ಬಿಸಿನೆಸ್ ಮಾದರಿಗಳಲ್ಲಿ ಹೆಚ್ಚಿನವು 1.3ರಿಂದ 1.4 ಕಿಲೋ ಆಸುಪಾಸಿನಲ್ಲಿವೆ. ಈ ಮುನ್ನೂರು, ನಾನ್ನೂರು ಗ್ರಾಂ ಕಡಿಮೆ ಮಾಡಲು ಕಂಪನಿಗಳು ಕಾರ್ಬನ್ ಫೈಬರ್, ಮೆಗ್ನೀಸಿಯಂ ಮಿಶ್ರಲೋಹಗಳನ್ನು ಬಳಸುತ್ತವೆ, ಅದಕ್ಕೆ ತಕ್ಕ ಬೆಲೆಯನ್ನೂ ಹಾಕುತ್ತವೆ. ಹೆಚ್ಚುಕಡಿಮೆ ಅಷ್ಟೇ ತೂಕವನ್ನು ಚಾರ್ಜರ್‌ನಲ್ಲಿಯೂ ಉಳಿಸಬಹುದು. ಇಟ್ಟಿಗೆಯಂಥ ಅಡಾಪ್ಟರ್ ಮತ್ತು ದಪ್ಪ ಮೂರು ಪಿನ್ ವೈರಿನ ಬದಲು ಗ್ಯಾಲಿಯಂ ನೈಟ್ರೈಡ್ ತಂತ್ರಜ್ಞಾನದ 65 ವಾಟ್‌ನ ಪುಟ್ಟ ಟೈಪ್ ಸಿ ಚಾರ್ಜರ್ ಇಟ್ಟುಕೊಂಡರೆ ಫೋನಿಗೂ ಅದೇ ಸಾಕಾಗುತ್ತದೆ. ಹಾಗಾಗಿ ಮೂರು ಕಿಲೋದಿಂದ ಒಂದೂವರೆ ಕಿಲೋಗೆ ಇಳಿಯುವುದಕ್ಕೆ ದುಡ್ಡು ಹಾಕಿ, ಅದು ಸಾರ್ಥಕ. ಅಲ್ಲಿಂದ ಕೆಳಗಿನ ಒಂದೊಂದು ನೂರು ಗ್ರಾಮಿಗೂ ದುಬಾರಿ ಬೆಲೆ ತೆರುವ ಅಗತ್ಯ ನಿಮಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ ಕೆಲಸದವರು ಮರೆಯುವ ಇನ್ನೊಂದು ಸಂಗತಿಯಿದೆ. ನಿಮ್ಮ ಹಳೆಯ 15.6 ಇಂಚಿನ ಯಂತ್ರದ ಬಲಬದಿಯಲ್ಲಿ ಅಂಕಿಗಳ ಪ್ರತ್ಯೇಕ ಕೀಲಿಗಳಿರಬೇಕು. 14 ಇಂಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ. ವರ್ಷಗಟ್ಟಲೆ ಕಣ್ಣು ವೋಚರ್ ಮೇಲೆ, ಬೆರಳು ಅಂಕಿ ಕೀಲಿಗಳ ಮೇಲೆ ಇಟ್ಟು ರೂಢಿಯಾದವರಿಗೆ ಮೇಲ್ಸಾಲಿನ ಅಂಕಿಗಳನ್ನು ಹುಡುಕಿ ಒತ್ತುವುದು ನಿಜವಾದ ಕಿರಿಕಿರಿ. ಪ್ರತ್ಯೇಕವಾಗಿ ಸಿಗುವ ಚಿಕ್ಕ ನಂಬರ್ ಪ್ಯಾಡ್ ಒಂದು ದಾರಿ. ಎಲ್‌ಜಿ ಗ್ರಾಂನ 16 ಇಂಚಿನ ಮಾದರಿ ಇನ್ನೊಂದು ದಾರಿ: ಅಂಕಿ ಕೀಲಿಗಳಿದ್ದೂ ಅದರ ತೂಕ ಸುಮಾರು 1.2 ಕಿಲೋ. ಆದರೆ ಅಷ್ಟು ಅಗಲದ ಯಂತ್ರವನ್ನು ಬಸ್ಸಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತೆರೆಯುವುದು ಕಷ್ಟ. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕುಳಿತು ಹಾಗೆ ತೆರೆದು ನೋಡಿ; ಯಂತ್ರವನ್ನು ಒಂದು ಮೂಲೆ ಹಿಡಿದು ಎತ್ತಿ, ಕೀಬೋರ್ಡಿನ ನಡುಭಾಗವನ್ನು ಒತ್ತಿ, ಅದು ಬಾಗುತ್ತದೆಯೇ ಎಂದು ಪರೀಕ್ಷಿಸಿ.

ಬ್ಯಾಟರಿ ‘18 ಗಂಟೆ’ ಬರುತ್ತದೆ ಎಂಬ ಮಾತನ್ನು ಬದಿಗಿಟ್ಟು ವಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಪ್ರಮಾಣ, ಎಷ್ಟೆಂದು ಕೇಳಿ. 57 ವಾಟ್-ಅವರ್ ಬ್ಯಾಟರಿಯ ಯಂತ್ರ ಎಕ್ಸೆಲ್ ಕೆಲಸದಲ್ಲಿ ಗಂಟೆಗೆ 7 ವಾಟ್-ಅವರ್ ಬಳಸಿದರೆ ಎಂಟು ಗಂಟೆ ನಡೆಯುತ್ತದೆ. ಅದೇ ಯಂತ್ರ ವಿಡಿಯೊ ಕರೆಯಲ್ಲಿ ಇಮ್ಮಡಿ ಬಳಸಿದರೆ ನಾಲ್ಕೇ ಗಂಟೆ. ರೈಲಿನ ಬೋಗಿಗಳಲ್ಲಿರುವ 110 ವೋಲ್ಟ್ ಸಾಕೆಟ್‌ನಿಂದಲೂ ಚಾರ್ಜ್ ಆಗುತ್ತದೆ. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಿ, ಮತ್ತು ರಾತ್ರಿ ಪ್ರಯಾಣದಲ್ಲಿ ಆ ಸಾಕೆಟ್‌ಗಳನ್ನು ನೆಚ್ಚಿಕೊಳ್ಳಬೇಡಿ.

ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬಹುತೇಕ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಅದು ಪ್ರೊಸೆಸರ್ ಜೊತೆಯಲ್ಲೇ ಸೇರಿಕೊಂಡಿದೆ. ಮುಂದೆ ಹೆಚ್ಚಿಸಿಕೊಳ್ಳುತ್ತೇನೆ ಎಂಬ ಮಾತೇ ಇಲ್ಲದ್ದರಿಂದ 16 ಜಿಬಿಗಿಂತ ಕಡಿಮೆಯದನ್ನು ಕೊಳ್ಳಬೇಡಿ. ಎಸ್‌ಎಸ್‌ಡಿ 512 ಜಿಬಿ ಸಾಕು, ಅದನ್ನು ಸಾಮಾನ್ಯವಾಗಿ ಬದಲಿಸಲು ಬರುತ್ತದೆ. ಪರದೆ ಹೊಳಪಿಲ್ಲದ್ದಾಗಿರಲಿ, 400 ನಿಟ್ಸ್ ಬೆಳಕಿನದಾಗಿರಲಿ. ಕಿಟಕಿ ಪಕ್ಕ ಕುಳಿತಾಗ ಅದರ ಬೆಲೆ ತಿಳಿಯುತ್ತದೆ.

ನಾನಾದರೆ ಉಳಿಸಿದ ಹಣದಲ್ಲಿ ಒಂದು ಭಾಗವನ್ನು ಮೂರು ವರ್ಷದ ಆನ್‌ಸೈಟ್ ವಾರಂಟಿಗೆ ಹಾಕುತ್ತೇನೆ. ಎಂಜಿನಿಯರ್ ನಿಮ್ಮ ಕಚೇರಿಗೇ ಬಂದು ರಿಪೇರಿ ಮಾಡುವ ಆ ಸೇವೆ ನಿಮ್ಮ ಪಿನ್‌ಕೋಡ್‌ಗೆ ಉಂಟೇ ಎಂದು ಕೊಳ್ಳುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಯಂತ್ರಕ್ಕೆ ಮೂರು ವರ್ಷ ಎಂದಿದ್ದರೂ ಬ್ಯಾಟರಿಗೆ ಒಂದೇ ವರ್ಷ ಇರುವುದುಂಟು, ಅದನ್ನೂ ಓದಿಕೊಳ್ಳಿ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ವಿಮೆ ಸರ್ವೇಯರ್ ಆಗಿ ಹೊಸದಾಗಿ ಕೆಲಸ ಆರಂಭಿಸಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಹಗುರ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ನಂಬಬಹುದು, ಆದರೆ ಯಂತ್ರವನ್ನು ಆನ್ ಮಾಡಿ, ಎದುರಿಗೇ ಪರೀಕ್ಷಿಸಿದ ಮೇಲೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದು, ಬೆರಳೆಣಿಕೆಯ ಅಪವಾದ ಬಿಟ್ಟರೆ, 8ನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳಲ್ಲಿ ಮಾತ್ರ. ಅದಕ್ಕಿಂತ ಹಿಂದಿನವು ಎಷ್ಟೇ ಅಗ್ಗವಾಗಿ ಸಿಕ್ಕರೂ ವಿಮಾದಾರರ ಕಾಗದಪತ್ರಗಳನ್ನು ಇಟ್ಟುಕೊಳ್ಳುವ ನೀವು ಕೊಳ್ಳಕೂಡದು.

2018ರ ಥಿಂಕ್‌ಪ್ಯಾಡ್ ಎಕ್ಸ್‌1 ಕಾರ್ಬನ್ 6ನೇ ಪೀಳಿಗೆ ಈ ಗೆರೆಯ ಒಳಗೆ ಬರುತ್ತದೆ, ತೂಕ 1.13 ಕಿಲೋ. ಆದರೆ ಅದರಲ್ಲಿ ಬೆಸುಗೆ ಹಾಕಿದ 8 ಜಿಬಿ ರ‍್ಯಾಮಿನವೂ ಇವೆ, ಅವು ಬೇಡ. ಎಚ್‌ಪಿ ಎಲೈಟ್‌ಬುಕ್ 840 ಜಿ5, ಡೆಲ್ ಲ್ಯಾಟಿಟ್ಯೂಡ್ 7490 ಸ್ವಲ್ಪ ಭಾರವಾದರೂ ರ‍್ಯಾಮ್ ಬದಲಿಸಲು ಸ್ಲಾಟ್‌ಗಳಿರುವುದರಿಂದ ನಿಮಗೆ ಅವೇ ಉತ್ತಮ.

ಅಂಗಡಿಯಲ್ಲಿಯೇ ಕಮಾಂಡ್ ಪ್ರಾಂಪ್ಟ್ ತೆರೆದು ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಮೂಲ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎರಡೂ ಕಾಣುತ್ತವೆ. 57,000 ಮಿಲಿವಾಟ್-ಅವರ್ ಇದ್ದದ್ದು 34,000ಕ್ಕೆ ಇಳಿದಿದ್ದರೆ ಬ್ಯಾಟರಿ ಶೇ 60ಕ್ಕೆ ಬಂದಿದೆ ಎಂದರ್ಥ, ಹೊಸ ಬ್ಯಾಟರಿಯ ಬೆಲೆಯನ್ನು ಮುರಿದುಕೊಂಡೇ ವ್ಯವಹಾರ ಮಾಡಿ. ವಿಂಡೋಸ್‌ಗಿಂತ ಮೊದಲೇ ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯಾಸ್‌ಗೆ ಪಾಸ್‌ವರ್ಡ್ ಇದ್ದರೆ ಯಂತ್ರವನ್ನು ಮುಟ್ಟಬೇಡಿ. ಇಂಟರ್‌ನೆಟ್ ಜೋಡಿಸಿ ವಿಂಡೋಸ್ ಅನ್ನು ಹೊಸದಾಗಿ ಹಾಕಿಸಿ; ಆಗ ಯಾವುದೋ ಕಂಪನಿಯ ಹೆಸರು ತೋರಿಸಿ ಅಲ್ಲಿನ ಲಾಗಿನ್ ಕೇಳಿದರೆ, ಹಳೆಯ ಮಾಲೀಕರು ಅದನ್ನು ತಮ್ಮ ನೋಂದಣಿಯಿಂದ ಬಿಡುಗಡೆ ಮಾಡಿಲ್ಲ ಎಂದು ತಿಳಿಯಿರಿ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ಮಂಗಳೂರು–ಮುಂಬೈ ನಡುವೆ ಆಗಾಗ ವಿಮಾನದಲ್ಲಿ ಹೋಗುತ್ತೇನೆ. ಲ್ಯಾಪ್‌ಟಾಪ್‌ಗೆ ಪವರ್ ಬ್ಯಾಂಕ್ ಕೊಂಡೊಯ್ಯಬಹುದೇ?
– ಓದುಗರು, ಮಂಗಳೂರು

ಉತ್ತರ: ಕೈಚೀಲದಲ್ಲಿ ಮಾತ್ರ ಒಯ್ಯಬಹುದು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಮಿತಿ 100 ವಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್-ಅವರ್, ಆದ್ದರಿಂದ ತೊಂದರೆಯಿಲ್ಲ. ಹಾರಾಟದ ನಡುವೆ ಅದನ್ನು ಬಳಸಬಹುದೇ ಎಂಬುದನ್ನು ವಿಮಾನ ಸಂಸ್ಥೆಯಿಂದಲೇ ಕೇಳಿ ತಿಳಿದುಕೊಳ್ಳಿ. ಕೊಳ್ಳುವಾಗ ಎಂಎಎಚ್ ಸಂಖ್ಯೆಯ ಜೊತೆಗೆ ಟೈಪ್ ಸಿ ಪೋರ್ಟಿನಿಂದ ಎಷ್ಟು ವಾಟ್ ಹೊರಬರುತ್ತದೆ ಎಂಬುದನ್ನೂ ನೋಡಬೇಕು, ಏಕೆಂದರೆ ಫೋನಿಗಾಗಿ ಮಾಡಿದ 18 ಅಥವಾ 22 ವಾಟ್‌ನವುಗಳಿಂದ ಅನೇಕ ಲ್ಯಾಪ್‌ಟಾಪ್‌ಗಳು ಚಾರ್ಜ್ ಆಗುವುದೇ ಇಲ್ಲ. ಕನಿಷ್ಠ 45 ವಾಟ್, ಸಾಧ್ಯವಾದರೆ 65 ವಾಟ್‌ನದು ಇರಲಿ, ಮತ್ತು ವಾಟ್-ಅವರ್ ಸಂಖ್ಯೆ ಅದರ ಮೈಮೇಲೆ ಅಳಿಸದಂತೆ ಮುದ್ರಿತವಾಗಿರಲಿ; ಭದ್ರತಾ ತಪಾಸಣೆಯವರು ಅದನ್ನೇ ಹುಡುಕುತ್ತಾರೆ.