ಎಡಗೈ ಕಿಸೆಯಲ್ಲಿ ಯಾಕಿತ್ತು?

ನಮಸ್ಕಾರ.

ನೀವು ಕಳಿಸಿದ ‘ಕಾಕಾನ ಟ್ರಾನ್ಸ್‌ಮಿಟರ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕುವುದಿಲ್ಲ. ತಿದ್ದಿ ಬರೆದುಕೊಟ್ಟರೆ ಖಂಡಿತ ಹಾಕುತ್ತೇನೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ. ಮಾರ್ಕೋನಿ 1901ರಲ್ಲಿ ಅಟ್ಲಾಂಟಿಕ್ ದಾಟಿ ಬಂದ ಸಂಕೇತ ಕೇಳಿದ ಕಥೆ ಯಾರಿಗೆ ಬೇಕಾದರೂ ಸಿಗುತ್ತದೆ. ಬೆಳಗಾವಿಯ ಶಹಾಪುರದ ನಿಮ್ಮ ಮನೆಯ ಅಟ್ಟ, ಅಲ್ಲಿ ಗೋಣಿಚೀಲದ ಕೆಳಗಿದ್ದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಕಾಕಾ ಕೈಯಾರೆ ಕಟ್ಟಿದ, 807 ಎಂಬ ಗಾಜಿನ ವಾಲ್ವಿನ ಹವ್ಯಾಸಿ ರೇಡಿಯೊ ಟ್ರಾನ್ಸ್‌ಮಿಟರ್. ಇದು ನಿಮ್ಮ ಹತ್ತಿರ ಮಾತ್ರ ಇದೆ. ಅಲ್ಲಿಂದಲೇ ಶುರು ಮಾಡಿ.

ಈಗ ನನಗೆ ಭಯ ಹುಟ್ಟಿಸಿದ ಭಾಗ. ‘ಧೂಳು ಒರೆಸಿದೆ, ಪ್ಲಗ್ ಹಾಕಿದೆ, ವಾಲ್ವ್ ಕೆಂಪಗೆ ಬೆಳಗಿತು, ಕಾಕಾನೇ ಮರಳಿ ಬಂದಂತಾಯಿತು’ ಅಂತ ಬರೆದಿದ್ದೀರಿ. ಸಾಲು ಚೆನ್ನಾಗಿದೆ. ಆದರೆ ಆ ಬೆಳಕು ಹೇಳುವುದು ಇಷ್ಟೇ: ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿಗೆ 6.3 ವೋಲ್ಟ್ ಮುಟ್ಟಿದೆ. ವಾಲ್ವಿನ ತಲೆಯ ಮೇಲೆ ಒಂದು ಸಣ್ಣ ಲೋಹದ ಟೋಪಿ ಇದೆಯಲ್ಲ, ಅದಕ್ಕೆ ಬರುವುದು 600 ವೋಲ್ಟಿನ ಆಸುಪಾಸು. ಅದು ಬೆಳಗುವುದೂ ಇಲ್ಲ, ಸದ್ದು ಮಾಡುವುದೂ ಇಲ್ಲ. ನಿಮ್ಮ ಲೇಖನ ಓದಿದ ಹುಡುಗ ನಾಳೆ ತನ್ನ ಅಟ್ಟ ಹತ್ತಿ ಹೀಗೇ ಪ್ಲಗ್ ಹಾಕಿದರೆ?

ನನ್ನ ಅಣ್ಣ ರೇಡಿಯೊ ರಿಪೇರಿ ಮಾಡುತ್ತಿದ್ದ. ಒಮ್ಮೆ ಇಂಥದ್ದೇ ಒಂದು ಸೆಟ್ಟಿನ ಪ್ಲಗ್ ಕಿತ್ತು, ಚಹಾ ಕುಡಿದು ಬಂದು, ತಳಭಾಗಕ್ಕೆ ಕೈ ಹಾಕಿದ. ಪಟ್ ಅಂತ ಸದ್ದು. ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದ. ಕರೆಂಟ್ ಕೂಡಿಟ್ಟುಕೊಳ್ಳುವ ಕಪ್ಯಾಸಿಟರಿನಲ್ಲಿ ಅದು ಹಾಗೇ ಉಳಿದಿತ್ತು. ಅದನ್ನು ಖಾಲಿ ಮಾಡಬೇಕಾದ ಬ್ಲೀಡರ್ ರೆಸಿಸ್ಟರ್ ಯಾವಾಗಲೋ ಒಳಗೇ ತುಂಡಾಗಿತ್ತು, ಹೊರಗಿನಿಂದ ಹೊಸದರಂತೆ ಕಾಣುತ್ತಿತ್ತು. ಅವನ ಹೆಬ್ಬೆರಳ ಬುಡದಲ್ಲಿ ಜೋಳದ ಕಾಳಿನಷ್ಟು ಬಿಳಿ ಕಲೆ ಕೊನೆಯವರೆಗೂ ಇತ್ತು.

ಹಾಗಾಗಿ ಮೊದಲು ಆ ಬ್ಲೀಡರ್ ಬಗ್ಗೆ ಬರೆಯಿರಿ. ಉದ್ದನೆಯ ಪ್ಲಾಸ್ಟಿಕ್ ಕೋಲಿನ ತುದಿಗೆ ರೆಸಿಸ್ಟರ್ ಕಟ್ಟಿ, ಅದರ ವೈರಿನ ಕ್ಲಿಪ್ಪನ್ನು ಮೊದಲು ಚಾಸಿಗೆ (ಸೆಟ್ಟಿನ ಲೋಹದ ಚೌಕಟ್ಟಿಗೆ) ಸಿಕ್ಕಿಸಿ, ಆಮೇಲೆ ಕಪ್ಯಾಸಿಟರಿಗೆ ಮುಟ್ಟಿಸಬೇಕು. ನಂತರ 1000 ವೋಲ್ಟ್ ತಡೆಯುವ ಮೀಟರ್ ಇಟ್ಟು ಸೊನ್ನೆ ಬಂತಾ ಅಂತ ನೋಡಬೇಕು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ಚಟ ನಮ್ಮಲ್ಲಿ ಜಾಸ್ತಿ. ಅದು ಬೇಡ.

ಹಳೆಯ ಎಲೆಕ್ಟ್ರೋಲಿಟಿಕ್ ಕಪ್ಯಾಸಿಟರ್‌ಗಳನ್ನು ‘ಇನ್ನೂ ಗಟ್ಟಿಯಾಗಿವೆ’ ಅಂದಿದ್ದೀರಿ. ನೋಡಿ ಹೇಳೋಕೆ ಆಗಲ್ಲ. ವರ್ಷಗಟ್ಟಲೆ ಸುಮ್ನೆ ಬಿದ್ದರೆ ಒಳಗಿನ ಆಕ್ಸೈಡ್ ಪದರ ತೆಳುವಾಗುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಕಾದು ಸಿಡಿಯಬಹುದು. ಹಳೆಯವನ್ನು ನೆನಪಿಗೆ ಚಾಸಿಯ ಮೇಲೆ ಹಾಗೇ ಬಿಟ್ಟು, ವೈರ್ ಬಿಚ್ಚಿ, ಕೆಳಗೆ ಹೊಸದು ಹಾಕಿ. 450 ವೋಲ್ಟಿನ ಎರಡನ್ನು ಸೀರೀಸಿನಲ್ಲಿ ಜೋಡಿಸಿದರೆ, ಪ್ರತಿಯೊಂದಕ್ಕೂ ಅಡ್ಡ ಒಂದೊಂದು ರೆಸಿಸ್ಟರ್ ಬೇಕು, ವೋಲ್ಟೇಜ್ ಸಮ ಹಂಚಿಕೆಯಾಗಲು.

ಬೆಳಗಾವಿ ಮಳೆ ಗೊತ್ತಲ್ಲ. ಅಷ್ಟು ಮಳೆಗಾಲ ಅಟ್ಟದಲ್ಲಿ ಕಳೆದ ಟ್ರಾನ್ಸ್‌ಫಾರ್ಮರ್ ತೇವ ಹಿಡಿಯದೆ ಇದ್ದೀತಾ? ಉದ್ಯಮಬಾಗದ ಕಡೆ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಮೆಗ್ಗರ್ ಇರುತ್ತದೆ. ವೈರ್ ಎಲ್ಲ ಬಿಡಿಸಿ, ಸುತ್ತಿಗೂ ಕಬ್ಬಿಣಕ್ಕೂ ನಡುವಿನ ಇನ್ಸುಲೇಷನ್ ಅಳೆಸಿ. ಅಲ್ಲಿ ನಡೆಯುವ ಮಾತುಕತೆಯನ್ನೂ ಬರೆದುಕೊಳ್ಳಿ, ಲೇಖನಕ್ಕೆ ಜೀವ ಬರುತ್ತದೆ. ಎರಡು ಪಿನ್ನಿನ ಪ್ಲಗ್ ತೆಗೆದು ಅರ್ಥಿಂಗ್ ಇರುವ ಮೂರು ಪಿನ್ನಿನದು ಹಾಕಿ, ಫ್ಯೂಸ್ ಫೇಸಿನಲ್ಲಿರಲಿ.

ಕರೆಂಟ್ ಕೊಡುವ ದಿನವನ್ನು ನಿಧಾನವಾಗಿ ಬರೆಯಿರಿ. ಸೆಟ್ಟಿಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹಾದುಹೋಗುವ ಸೀರೀಸ್ ಬೋರ್ಡಿನಲ್ಲಿ 100 ವ್ಯಾಟಿನ ಹಳೆಯ ತಂತಿ ಬಲ್ಬ್ ಇರಲಿ, ಎಲ್‌ಇಡಿ ನಡೆಯದು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಕಿತ್ತಿಟ್ಟು, ಮೊದಲು ಹೀಟರುಗಳನ್ನಷ್ಟೇ ನೋಡಿ. ಆಮೇಲೆ ಅದನ್ನು ಹಾಕಿ. ಅದು ಕಾಯುವವರೆಗೆ ಏನೂ ಆಗುವುದಿಲ್ಲ, ಕೆಲವು ಸೆಕೆಂಡ್ ಬಿಟ್ಟು ಬಲ್ಬ್ ಇನ್ನಷ್ಟು ಉರಿದು ಮತ್ತೆ ಇಳಿದರೆ ಸರಿ. ಪ್ರಕಾಶಮಾನವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆ ಕೆಲವು ಸೆಕೆಂಡಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನು ಓಡಿತು? ಓದುಗನಿಗೆ ಬೇಕಾದ್ದು ಅದು.

ನಾಲ್ಕನೇ ಪುಟದಲ್ಲಿ ಒಂದು ಸಾಲು ಹಾಗೇ ಬಿಟ್ಟು ಮುಂದೆ ಹೋಗಿದ್ದೀರಿ: ‘ಕಾಕಾ ಎಡಗೈಯನ್ನು ಕಿಸೆಯಲ್ಲಿಟ್ಟುಕೊಂಡೇ ಠೀವಿಯಿಂದ ಕೆಲಸ ಮಾಡುತ್ತಿದ್ದ.’ ಅದು ಠೀವಿ ಅಲ್ಲ. ಎರಡೂ ಕೈ ಒಳಗಿದ್ದರೆ ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆಯನ್ನು ಹಾದೇ ಹೋಗುತ್ತದೆ. ಒಂದು ಕೈ ಕಿಸೆಯಲ್ಲಿದ್ದರೆ ಆ ದಾರಿ ತಪ್ಪುತ್ತದೆ. ನಿಮ್ಮ ಕಾಕಾ ಮನೆಗೆ ಬದುಕಿ ಬರಬೇಕು ಅಂತಲೇ ಹಾಗೆ ಮಾಡುತ್ತಿದ್ದರು. ನನಗೆ ಅನ್ನಿಸುತ್ತದೆ, ಇಡೀ ಲೇಖನ ಆ ಕೈಯ ಸುತ್ತ ನಿಲ್ಲಬೇಕು. ತಲೆಬರಹವೂ ಅದೇ ಇರಲಿ.

ಇನ್ನೊಂದು ಮಾತು. ಕೊನೆಯಲ್ಲಿ ‘ಬರುವ ಭಾನುವಾರ ಮೋರ್ಸ್ ಕೀ ಒತ್ತಿ ಸಂದೇಶ ಕಳಿಸುತ್ತೇನೆ’ ಅಂದಿದ್ದೀರಿ. ಕಾಕಾ ಅವರ, ವಿಯು2 ಅಂತ ಶುರುವಾಗುವ ಕರೆಸಂಕೇತದ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ನಿಮಗೆ ಬರುವುದಿಲ್ಲ, ಪರೀಕ್ಷೆ ಕಟ್ಟಿ ನಿಮ್ಮದೇ ತೆಗೆಯಬೇಕು. ಪರೀಕ್ಷಿಸಿ ನೋಡಬೇಕಿದ್ದರೆ ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆಂಟೆನಾ ಬದಲು, ಸಿಗ್ನಲ್ ಹೊರಗೆ ಹೋಗದಂತೆ ಶಾಖವಾಗಿ ನುಂಗುವ 50 ಓಮಿನ ಡಮ್ಮಿ ಲೋಡ್ ಹಾಕಿ. ಕೆಲವು ಹಳೆಯ ಸೆಟ್ಟುಗಳಲ್ಲಿ ಕೀ ತುದಿಗಳಲ್ಲೇ ಅಪಾಯದ ವೋಲ್ಟೇಜ್ ಇರುತ್ತದೆ, ಅದನ್ನೂ ಅವರಿಂದಲೇ ನೋಡಿಸಿ.

ತಿದ್ದಿದ ಪ್ರತಿಗೆ ಅವಸರವಿಲ್ಲ. ಮೊದಲು ಪ್ಲಗ್ ಕಿತ್ತು, ಕಪ್ಯಾಸಿಟರ್ ಖಾಲಿ ಮಾಡಿ, ಆ ಬ್ಲೀಡರ್ ಎಷ್ಟು ಓಮ್ ತೋರಿಸುತ್ತದೆ ಅಂತ ಅಳೆದು ನನಗೆ ತಿಳಿಸಿ. ಅಲ್ಲಿಯವರೆಗೆ ದಯವಿಟ್ಟು ಆ ಪೆಟ್ಟಿಗೆಗೆ ಕರೆಂಟ್ ಕೊಡಬೇಡಿ.