ದಡದಲ್ಲಿ ನಿಂತವರ ಲೆಕ್ಕ

ಮಾನ್ಯ ಓದುಗರೇ,

ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡ್ ಎರಡೂ ತಟಸ್ಥ ದೇಶಗಳಾಗಿದ್ದರೂ ಎರಡು ವಿಶ್ವಯುದ್ಧಗಳಲ್ಲಿ ಒಂದು ಎರಡೆರಡು ಬಾರಿ ದಾಳಿಗೆ ತುತ್ತಾಗಿ ಇನ್ನೊಂದು ಉಳಿದುಕೊಂಡದ್ದು ಕೇವಲ ಆಲ್ಪ್ಸ್ ಪರ್ವತಗಳ ದೆಸೆಯಿಂದಲೋ ಎಂದು ಪ್ರಶ್ನಿಸಿದ್ದೀರಿ. ಪರ್ವತಗಳ ಪಾಲು ದೊಡ್ಡದೆಂಬುದು ನಿಜ, ಆದರೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ.

ಬೆಲ್ಜಿಯಂನ ತಾಟಸ್ಥ್ಯಕ್ಕೆ 1839ರ ಲಂಡನ್ ಒಪ್ಪಂದದಲ್ಲಿ ಮುಂದೆ ಜರ್ಮನಿಯ ಭಾಗವಾದ ಪ್ರಷ್ಯಾ ಸೇರಿದಂತೆ ಐದು ಪ್ರಬಲ ರಾಷ್ಟ್ರಗಳು ಜಾಮೀನು ನಿಂತಿದ್ದವು. ಆದರೆ ಫ್ರಾನ್ಸಿನ ಮೇಲೆ ಏರಿಹೋಗಲು ಸಲೀಸಾದ ಬಯಲುದಾರಿ ಆ ನಾಡಿನಲ್ಲೇ ಇದ್ದುದರಿಂದ, 1914ರ ಆಗಸ್ಟ್ 4ರಂದು ಜರ್ಮನಿ ಆ ಸಹಿಗೆ ಕವಡೆ ಕಿಮ್ಮತ್ತೂ ಕೊಡದೆ ಒಳನುಗ್ಗಿತು. 1940ರ ಮೇ 10ರಂದು ಅದೇ ಮರುಕಳಿಸಿದಾಗ, ಮೊದಲ ಯುದ್ಧದಲ್ಲಿ ಪಾರಾಗಿದ್ದ ನೆದರ್ಲೆಂಡ್ಸ್ ಕೂಡ ಉಳಿಯಲಿಲ್ಲ.

ಫ್ರಾನ್ಸ್ ಸೋತ ಬಳಿಕ, ಜುಲೈ 25ರಂದು, ಸ್ವಿಸ್ ಸೇನಾಧಿಪತಿ ಆನ್ರಿ ಗಿಸಾನ್ ತಮ್ಮ ಅಧಿಕಾರಿಗಳನ್ನು ಲುಸರ್ನ್ ಸರೋವರದ ದಂಡೆಯ ರುಟ್ಲಿ ಹುಲ್ಲುಗಾವಲಿನಲ್ಲಿ ಸೇರಿಸಿ, ಸೇನೆಯ ಬಹುಭಾಗವನ್ನು ಪರ್ವತಗಳಿಗೆ ಹಿಂದೆಗೆದುಕೊಳ್ಳುವ ಯೋಜನೆಯನ್ನು ವಿವರಿಸಿದರು. ಹೆಚ್ಚಿನ ಜನ ವಾಸಿಸುತ್ತಿದ್ದ ಬಯಲುಸೀಮೆ ಇದರಿಂದ ಬಹುಮಟ್ಟಿಗೆ ರಕ್ಷಣೆಯಿಲ್ಲದೆ ಉಳಿಯುತ್ತಿತ್ತು. ದಾಳಿಯಾದರೆ ಆಲ್ಪ್ಸ್ ದಾಟುವ ಗೊಟ್ಹಾರ್ಡ್ ಮತ್ತು ಸಿಂಪ್ಲನ್ ರೈಲು ಸುರಂಗಗಳನ್ನು ಸ್ಫೋಟಿಸಲು ಸಿದ್ಧತೆ ನಡೆದಿತ್ತು. ಆದರೆ ಅದೇ ಗೊಟ್ಹಾರ್ಡ್ ಸುರಂಗದ ಮೂಲಕ ಜರ್ಮನಿಯ ಕಲ್ಲಿದ್ದಲು ಇಟಲಿಗೆ ಸಾಗುತ್ತಿತ್ತು ಎಂಬುದನ್ನೂ ಹೇಳಲೇಬೇಕು. ಸ್ವೀಡನ್ ಸಹ ಜರ್ಮನಿಗೆ ಕಬ್ಬಿಣದ ಅದಿರನ್ನು ಮಾರುತ್ತ, 1943ರ ಆಗಸ್ಟ್‌ವರೆಗೆ ಜರ್ಮನ್ ಸೈನಿಕರ ರೈಲುಗಳಿಗೆ ದಾರಿ ಬಿಟ್ಟಿತ್ತು. ಅದಾದ ಎರಡೇ ತಿಂಗಳಲ್ಲಿ ಡೆನ್ಮಾರ್ಕಿನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡು ಬಂದ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳಿಗೆ ಆಶ್ರಯವನ್ನೂ ಕೊಟ್ಟಿತು.

ನನ್ನನ್ನು ಹೆಚ್ಚು ಕಾಡುವುದು ಚಿನ್ನದ ವಿಚಾರ. ಬೆಲ್ಜಿಯಂನ ಕೇಂದ್ರ ಬ್ಯಾಂಕಿನಿಂದ ದೋಚಿದ ಚಿನ್ನವನ್ನು ಜರ್ಮನರು ಕರಗಿಸಿ, ಹೊಸ ಗಟ್ಟಿಗಳ ಮೇಲೆ ಯುದ್ಧಪೂರ್ವದ ಇಸವಿಗಳನ್ನು ಒತ್ತಿ, ಸ್ವಿಸ್ ನ್ಯಾಷನಲ್ ಬ್ಯಾಂಕಿಗೆ ಮಾರಿದರು. ಲೂಟಿಯ ಮಾಲಿನ ಬಗ್ಗೆ ಮಿತ್ರರಾಷ್ಟ್ರಗಳು 1943ರಲ್ಲಿ ಎಚ್ಚರಿಸಿದ ಮೇಲೂ ಖರೀದಿ ನಿಲ್ಲಲಿಲ್ಲ. ತುಳಿತಕ್ಕೊಳಗಾದ ತಟಸ್ಥ ದೇಶದ ಸಂಪತ್ತು ಹೀಗೆ ಉಳಿದುಕೊಂಡ ತಟಸ್ಥ ದೇಶದ ಖಜಾನೆ ಸೇರಿತು.

ಸ್ವಿಟ್ಜರ್ಲೆಂಡಿನಲ್ಲೇ ಇನ್ನೊಬ್ಬರು ಕೂಡ ಇಸವಿ-ತಾರೀಖು ತಿದ್ದಿದ್ದರು. ಸೇಂಟ್ ಗಾಲನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥ ಪೌಲ್ ಗ್ರೂನಿಂಗರ್ 1938ರ ಆಗಸ್ಟ್‌ನಲ್ಲಿ ಗಡಿ ಮುಚ್ಚಿದ ನಂತರವೂ ಯಹೂದಿ ನಿರಾಶ್ರಿತರನ್ನು ಒಳಬಿಟ್ಟು, ಅವರು ಅದಕ್ಕೂ ಮೊದಲೇ ಬಂದವರೆಂದು ದಾಖಲೆಗಳಲ್ಲಿ ಬರೆದರು. ಅವರನ್ನು 1939ರಲ್ಲಿ ಕೆಲಸದಿಂದ ತೆಗೆದುಹಾಕಿ, ಮರುವರ್ಷ ನ್ಯಾಯಾಲಯದಲ್ಲಿ ಶಿಕ್ಷಿಸಲಾಯಿತು. ಅವರು 1972ರಲ್ಲಿ ಬಡತನದಲ್ಲೇ ತೀರಿಕೊಂಡರು; ತೀರ್ಪು ರದ್ದಾದದ್ದು 1995ರಲ್ಲಿ.

— ಸಂಪಾದಕ