ಖನಿಜಗಳ ಚಿತ್ರಕ್ಕೆ ಶಾಸನದ ಅಕ್ಷರಗಳನ್ನು ಹೊಂದಿಸುವುದು ಹೇಗೆ?

ಗದಗ ಜಿಲ್ಲೆಯ ಕಪ್ಪತಗುಡ್ಡದ ಕಲ್ಲುಗಳನ್ನು ಜಲವರ್ಣದಲ್ಲಿ ಬಿಡಿಸಿ, ಅವುಗಳ ಹೆಸರನ್ನು ಹಳೆಯ ಕನ್ನಡ ಲಿಪಿಯಲ್ಲಿ ಬರೆಯಬೇಕೆಂದಿದ್ದೇನೆ, ಯಾವ ಕಾಲದ ಲಿಪಿ ಒಪ್ಪುತ್ತದೆ ಎಂದು ಕೇಳಿದ್ದೀರಿ.

ಕಲ್ಯಾಣ ಚಾಲುಕ್ಯರ ಕಾಲದ ದುಂಡು ಲಿಪಿಯನ್ನೇ ಆರಿಸಿಕೊಳ್ಳಿ. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಲಕ್ಕುಂಡಿ ಗದಗಿಗೆ ಸಮೀಪದಲ್ಲಿದ್ದು, ಆ ಕಾಲದ ಶಾಸನಗಳನ್ನು ಅಲ್ಲಿ ಕಣ್ಣಾರೆ ನೋಡಿ ಅಭ್ಯಾಸ ಮಾಡಬಹುದು. ಅಕ್ಷರಗಳನ್ನು ಉಳಿಯಿಂದ ಕೊರೆದಿರುವುದರಿಂದ ಗೆರೆಯ ದಪ್ಪ ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಹಾಗಾಗಿ ಚಪ್ಪಟೆ ನಿಬ್ಬಿಗಿಂತ ದುಂಡು ಮೊನೆಯ ಲೇಖನಿ ಉತ್ತಮ.

ಬಣ್ಣದ ವಿಷಯದಲ್ಲಿ ನಿಮಗೊಂದು ಅಪರೂಪದ ಅವಕಾಶವಿದೆ. ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕಲ್ಲು ಹೊರಗೆ ಉಕ್ಕಿನಂತೆ ಬೂದಾಗಿ ಹೊಳೆಯುತ್ತಿದ್ದರೂ, ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದಾಗ ಕೆಂಗಂದು ಗೆರೆಯನ್ನೇ ಬಿಡುತ್ತದೆ. ಆ ಕಲ್ಲಿನ ಪುಡಿಯನ್ನು ನಯವಾಗಿ ಅರೆದು, ಜಾಲಿಯ ಅಂಟಿನ ನೀರಿನಲ್ಲಿ ಕಲಸಿದರೆ ಕಾವಿಯ ಶಾಯಿ ಸಿದ್ಧವಾಗುತ್ತದೆ. ಚಿತ್ರದಲ್ಲಿರುವ ಖನಿಜದಿಂದಲೇ ಅದರ ಹೆಸರನ್ನು ಬರೆಯುವುದಕ್ಕಿಂತ ಸೊಗಸಾದ ಜೋಡಣೆ ನನಗೆ ತೋಚುವುದಿಲ್ಲ. ಅರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಒಂದು ತೊಡಕನ್ನು ಮಾತ್ರ ಗಮನಿಸಬೇಕು: ಶಾಸನಗಳಲ್ಲಿ ಎ–ಏ, ಒ–ಓಗಳ ಹ್ರಸ್ವ ದೀರ್ಘಗಳನ್ನು ಸಾಮಾನ್ಯವಾಗಿ ಬೇರ್ಪಡಿಸಿ ಬರೆಯುತ್ತಿರಲಿಲ್ಲವಾದ್ದರಿಂದ, ‘ಹೆಮಟೈಟ್’, ‘ಮ್ಯಾಗ್ನೆಟೈಟ್’ ಮುಂತಾದ ಇಂದಿನ ಹೆಸರುಗಳನ್ನು ಆ ಲಿಪಿಯಲ್ಲಿ ಓದುವವರು ತಡವರಿಸುತ್ತಾರೆ. ಆದುದರಿಂದ ಖನಿಜದ ಹೆಸರು, ಸಿಕ್ಕಿದ ಸ್ಥಳ ಮತ್ತು ಅಳತೆಪಟ್ಟಿಯನ್ನು ಚಿತ್ರದ ಕೆಳಗೆ ಇಂದಿನ ಲಿಪಿಯಲ್ಲಿ ಸಣ್ಣದಾಗಿ ಕೊಡಿ. ಹಳೆಯ ಅಕ್ಷರಗಳು ಶೀರ್ಷಿಕೆಗಷ್ಟೇ ಇರಲಿ.